ಉಡುಪಿ ಕಟ್ಟಿದವರನ್ನು ನಾನು ಹುಡುಕಿದ ಬಗೆ

ಉಡುಪಿ ಅಂದರೆ ಹೊರಗಿನವರಿಗೆ ಕೃಷ್ಣ ಮಠ, ಮಲ್ಪೆಯ ಕಡಲು, ಮಸಾಲೆ ದೋಸೆ. ಇಲ್ಲಿಗೆ ಬ್ಯಾಂಕು ಹೇಗೆ ಬಂತು, ಹೆರಿಗೆ ಆಸ್ಪತ್ರೆ ಯಾರ ಜಾಗದಲ್ಲಿ ನಿಂತಿದೆ, ತಲೆ ಮೇಲೆ ಮಲ ಹೊರುವ ಕೆಲಸ ಯಾವಾಗ ನಿಂತಿತು ಅಂತ ಕೇಳುವವರು ಕಡಿಮೆ. ಇಲ್ಲೇ ಹುಟ್ಟಿ ಬೆಳೆದವರನ್ನು ಕೇಳಿದರೂ ಒಂದೆರಡು ಹೆಸರು ಹೇಳಿ ಸುಮ್ಮನಾಗುತ್ತಾರೆ. ನಾನು ಕೆಲವು ವರ್ಷಗಳಿಂದ ಶಾಲೆ ಮಕ್ಕಳನ್ನು, ಆಸಕ್ತಿ ಇರುವ ದೊಡ್ಡವರನ್ನು ಕರೆದುಕೊಂಡು ಪೇಟೆ ಸುತ್ತಿಸುತ್ತೇನೆ. ಪುಟ್ಟ ಪುಟ್ಟ ಫಲಕಗಳನ್ನೂ ಬರೆದುಕೊಡುತ್ತೇನೆ. ಆ ಕೆಲಸ ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಬಗ್ಗೆ ಇಂಥದ್ದೇ ಮಾಡಬೇಕು ಅಂತಿದ್ದರೆ ಉಪಯೋಗಕ್ಕೆ ಬರಬಹುದು.

ನನ್ನ ದಾರಿ ಒಂದೇ. ದೊಡ್ಡ ಮನುಷ್ಯರ ಪಟ್ಟಿ ಮಾಡಿಕೊಂಡು ಹೊರಡುವುದಿಲ್ಲ. ಪಟ್ಟಿ ಮಾಡಿದರೆ ಹುಟ್ಟಿದ ದಿನ, ಬಿರುದು, ಸನ್ಮಾನ, ಕೊನೆಗೆ ಒಂದು ಹಾರ ಹಾಕಿದ ಫೋಟೋ, ಇಷ್ಟೇ ಸಿಗುತ್ತದೆ. ಜನ ಈಗಲೂ ಬಳಸುತ್ತಿರುವ ಒಂದು ಜಾಗ ಅಥವಾ ಒಂದು ವ್ಯವಸ್ಥೆ ಹಿಡಿಯುತ್ತೇನೆ. ಅದು ಇಲ್ಲದಿದ್ದಾಗ ಜನ ಏನು ಮಾಡುತ್ತಿದ್ದರು ಅಂತ ಕೇಳುತ್ತೇನೆ. ಅದು ಬಂದ ದಿನ ಯಾರು ಕೈಯಿಂದ ಏನು ಕೊಟ್ಟರು, ಯಾರು ವಿರೋಧ ಮಾಡಿದರು, ಯಾರು ದಿನಾ ದುಡಿದು ಅದನ್ನು ನಡೆಸಿದರು ಅಂತ ಕೇಳುತ್ತೇನೆ. ಇಷ್ಟು ಕೇಳಿದರೆ ಹೆಸರುಗಳು ತಾವಾಗಿಯೇ ಬರುತ್ತವೆ.

ಮೊದಲು ಹಿಡಿದದ್ದು ಬ್ಯಾಂಕನ್ನು. 20ನೇ ಶತಮಾನದ ಶುರುವಿನಲ್ಲಿ ಉಡುಪಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಣ್ಣ ತಾಲ್ಲೂಕು ಪೇಟೆ. ಹಣ ಬೇಕಾದರೆ ಲೇವಾದೇವಿ ಮಾಡುವವರ ಬಾಗಿಲಿಗೆ ಹೋಗಬೇಕು. ಬ್ಯಾಂಕ್ ಆಫ್ ಮದ್ರಾಸ್‌ನ ಶಾಖೆ ಇದ್ದದ್ದು ಮಂಗಳೂರಿನಲ್ಲಿ, ಅದೂ ಮುಖ್ಯವಾಗಿ ತೋಟದ ಬೆಳೆ ರಫ್ತು ಮಾಡುವ ಬ್ರಿಟಿಷ್ ಕಂಪನಿಗಳಿಗೋಸ್ಕರ. ಇಂಥ ಊರಿನಲ್ಲಿ 1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಶುರುವಾಯಿತು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದದ್ದು ಇದೇ. ಬಂಡವಾಳ 5,000 ರೂಪಾಯಿ. ಮುಂದೆ ನಿಂತವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು, ಮೊದಲ ಅಧ್ಯಕ್ಷರು. ಅವರು ಹುಟ್ಟಿದ್ದು 1882ರಲ್ಲಿ. ಅಂದರೆ ಆಗ ಇಪ್ಪತ್ನಾಲ್ಕರ ಆಸುಪಾಸಿನ ಯುವಕ. ಬ್ಯಾಂಕು ತೆರೆಯುವ ಮೊದಲು ಊರಿನವರಿಗೆ ಹೊರಡಿಸಿದ ಮನವಿಯಲ್ಲಿ ಎರಡು ಉದ್ದೇಶ ಹೇಳಿದ್ದರು: ಜಾತಿ ಮತದ ಭೇದ ಇಲ್ಲದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು, ಹಾಗೆಯೇ ಎಲ್ಲ ವರ್ಗದವರಲ್ಲಿ ಸಹಕಾರದ ಅಭ್ಯಾಸ ಬೆಳೆಸುವುದು. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿ ಮುಂದೆ ಕೆನರಾ ಬ್ಯಾಂಕ್ ಆಯಿತು. ಒಂದೇ ಜಿಲ್ಲೆ, ನಾಲ್ಕು ತಿಂಗಳ ಅಂತರ.

ಮೊದಲ ದಿನ ಸಂಜೆ ಲೆಕ್ಕ ಮುಗಿಸಿದಾಗ ಬ್ಯಾಂಕಿನಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಈ ಅಂಕಿಯ ಹತ್ತಿರ ನಾನು ಮಕ್ಕಳನ್ನು ಜಾಸ್ತಿ ಹೊತ್ತು ನಿಲ್ಲಿಸುತ್ತೇನೆ. ಒಂದು ರೂಪಾಯಿಗೆ 16 ಆಣೆ. ಒಂದು ಆಣೆಗೆ 12 ಪೈ. ಹಾಗಾದರೆ ಒಂದು ರೂಪಾಯಿಗೆ ಎಷ್ಟು ಪೈ? 192. ಎರಡು ಪೈ ಅಂದರೆ ರೂಪಾಯಿಯ 96ನೇ ಒಂದು ಭಾಗ. ಅಷ್ಟನ್ನೂ ಬಿಡದೆ ಬರೆದಿಟ್ಟಿದ್ದಾರೆ. ‘ಯಾಕೆ ಬರೆದರು?’ ಅಂತ ಕೇಳುತ್ತೇನೆ. ಒಮ್ಮೆ ಒಬ್ಬಳು ಹುಡುಗಿ, ‘ಅದು ಅವರ ದುಡ್ಡಲ್ಲವಲ್ಲ, ಊರಿನವರದ್ದು’ ಅಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಸಾರ್ವಜನಿಕ ಜೀವನ ಅನ್ನುವುದು ಭಾಷಣದಲ್ಲಿ ಅರ್ಥವಾಗುವುದಕ್ಕಿಂತ ಇಂಥ ಎರಡು ಪೈಯಲ್ಲಿ ಬೇಗ ಅರ್ಥವಾಗುತ್ತದೆ.

ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆ ಬ್ಯಾಂಕಿನ ಇತಿಹಾಸ ಮತ್ತು ನಾಣ್ಯಗಳ ಸಂಗ್ರಹಾಲಯವಾಗಿ ಉಳಿದಿದೆ. ಆದರೆ ಊರಿನ ಹೆಂಗಸರಿಗೆ ಅವರ ಹೆಸರು ಪರಿಚಯ ಆದದ್ದು ಬ್ಯಾಂಕಿನಿಂದ ಅಲ್ಲ, ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಿಂದ. ಆ ಜಾಗ ಅವರು ದಾನ ಕೊಟ್ಟದ್ದು. ‘ನೀವು ಎಲ್ಲಿ ಹುಟ್ಟಿದ್ದು?’ ಅಂತ ಗುಂಪಿನಲ್ಲಿ ಕೇಳಿದರೆ ಪ್ರತಿ ಸಲವೂ ಕೆಲವರು ಆ ಆಸ್ಪತ್ರೆಯ ಕಡೆ ಕೈ ತೋರಿಸುತ್ತಾರೆ. 1935ರಲ್ಲಿ ತೀರಿಕೊಂಡ ಒಬ್ಬರು ಈಗಿನ ಮಕ್ಕಳ ಹುಟ್ಟಿದ ಜಾಗಕ್ಕೆ ಕಾರಣ ಅನ್ನುವುದು ಆಗ ಅವರಿಗೆ ತಟ್ಟುತ್ತದೆ.

ದಾನದ ಜಾಗ ಅಂದ ತಕ್ಷಣ ಒಂದು ಕಿವಿಮಾತು. ದಾನಿಯ ಹೆಸರು ಬರೆದುಕೊಂಡು ಬಂದರೆ ಸಾಲದು. ಯಾರಿಗೆ ಕೊಟ್ಟರು, ಯಾವ ಕೆಲಸಕ್ಕೆ ಅಂತ ಕೊಟ್ಟರು, ಆ ಕೆಲಸ ಈಗಲೂ ನಡೆಯುತ್ತಿದೆಯಾ, ಇದನ್ನು ನೋಡಿ. ಜಾಗದ ಪತ್ರ, ನೋಂದಣಿ ಕಚೇರಿಯ ದಾಖಲೆ, ಪುರಸಭೆಯ ನಿರ್ಣಯ ಪುಸ್ತಕ, ಇವುಗಳಲ್ಲಿ ಒಂದಾದರೂ ಕೈಗೆ ಸಿಗುವವರೆಗೆ ನಾನು ಫಲಕ ಬರೆಯುವುದಿಲ್ಲ. ನಮ್ಮ ಕಡೆ ಇದಕ್ಕೊಂದು ತೊಡಕಿದೆ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸ್ ಆಡಳಿತದಲ್ಲಿದ್ದೆವು. ಹಾಗಾಗಿ ಹಳೆಯ ಸರಕಾರಿ ಕಡತ ಬೆಂಗಳೂರಿನಲ್ಲಿ ಹುಡುಕಿದರೆ ಸಿಗದೆ ಹೋಗಬಹುದು. ಚೆನ್ನೈನ ಎಗ್ಮೋರ್‌ನಲ್ಲಿರುವ ದಾಖಲೆ ಭಂಡಾರವನ್ನೂ ಕೇಳಬೇಕು.

ಆಸ್ಪತ್ರೆಯ ಮಾತು ಬಂದರೆ ಇನ್ನೊಬ್ಬರನ್ನು ಬಿಡುವ ಹಾಗಿಲ್ಲ. ಈವಾ ಲೊಂಬಾರ್ಡ್, ಬಾಸೆಲ್ ಮಿಷನ್ನಿನ ಜೊತೆ ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯೆ. 1923ರಲ್ಲಿ ಉಡುಪಿಯಲ್ಲಿ ಅವರು ಶುರು ಮಾಡಿದ ಆಸ್ಪತ್ರೆಯೇ ಈಗಿನ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ. ನಮ್ಮವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಗಂಡಸು ಡಾಕ್ಟರ ಮುಂದೆ ಹೆಂಗಸರು ಹೋಗಲು ಹಿಂಜರಿಯುತ್ತಿದ್ದ ಕಾಲ ಅದು. ಹೆಣ್ಣು ಡಾಕ್ಟರು ಊರಲ್ಲಿ ಇದ್ದಾರೆ ಅನ್ನುವುದೇ ದೊಡ್ಡ ಸುದ್ದಿ. ಊರು ಕಟ್ಟಿದವರು ಅಂದಾಗ ಆ ಊರಲ್ಲಿ ಹುಟ್ಟಿದವರನ್ನು ಮಾತ್ರ ಲೆಕ್ಕ ಹಿಡಿಯಬೇಡಿ ಅಂತ ನಾನು ಹೇಳುವುದು ಇವರನ್ನು ಮುಂದಿಟ್ಟುಕೊಂಡೇ. ಬಂದು ನೆಲೆಸಿ ದುಡಿದವರೂ ಊರಿನವರೇ.

ಇನ್ನು ಪಿಗ್ಮಿ. ಇದರ ಬಗ್ಗೆ ನನಗೆ ಎಷ್ಟು ಹೇಳಿದರೂ ಸಾಕಾಗುವುದಿಲ್ಲ.

1920ರ ದಶಕದಲ್ಲಿ ಇಲ್ಲಿನ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದರು. ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿದ ಡಾಕ್ಟರ್ ಟಿ.ಎಂ.ಎ. ಪೈ, ಅವರ ಅಣ್ಣ ಉಪೇಂದ್ರ ಪೈ, ವಾಮನ ಕುಡ್ವ ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ಬಂಡವಾಳ 8,000 ರೂಪಾಯಿ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಬ್ಯಾಂಕಿನ ಪರವಾಗಿ ಒಬ್ಬರು ದಿನಾ ಮನೆ ಬಾಗಿಲಿಗೆ, ಅಂಗಡಿಗೆ ಬರುತ್ತಾರೆ. ನೀವು ಎರಡು ಆಣೆ ಕೊಟ್ಟರೂ ತಗೊಂಡು ಬರೆದುಕೊಂಡು ಹೋಗುತ್ತಾರೆ.

ಇದನ್ನೂ ಮಕ್ಕಳಿಂದ ಲೆಕ್ಕ ಹಾಕಿಸುತ್ತೇನೆ. ದಿನಕ್ಕೆ ಎರಡು ಆಣೆಯಂತೆ 30 ದಿನಕ್ಕೆ 60 ಆಣೆ, ಅಂದರೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಬಡ್ಡಿ ಬೇರೆ. ದಿನಗೂಲಿಯವರ ಕೈಯಲ್ಲಿ ಒಟ್ಟಿಗೆ 45 ರೂಪಾಯಿ ಯಾವತ್ತೂ ನಿಲ್ಲದ ಕಾಲ. ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚ ಪಡುವವರ ಹತ್ತಿರ ಬ್ಯಾಂಕೇ ಬಂತು. ಆ ಹಣ ಒಟ್ಟಾಗಿ ಮತ್ತೆ ಸಾಲವಾಗಿ ಅದೇ ಊರಿನಲ್ಲಿ ತಿರುಗಿತು.

ಪಿಗ್ಮಿ ಬಗ್ಗೆ ಬ್ಯಾಂಕಿನ ಹಳೆಯ ಪ್ರಕಟಣೆಗಳಲ್ಲಿ ಬೇಕಾದಷ್ಟು ಸಿಗುತ್ತದೆ. ನನಗೆ ಬೇಕಾಗಿದ್ದು ಕೊಟ್ಟವರ ಮಾತು, ಪಡೆದವರ ಮಾತು. ಹಾಗಾಗಿ ಮೀನು ಮಾರುತ್ತಿದ್ದ ಅಜ್ಜಿಯೊಬ್ಬರ ಹತ್ತಿರ ಹೋಗಿ ಕೂತೆ. ‘ಟಿ.ಎಂ.ಎ. ಪೈಗಳು ಹೇಗಿದ್ದರು ಅಜ್ಜಿ?’ ಅಂತ ಕೇಳಿದ್ದರೆ ‘ದೇವರಂಥವರು’ ಅಂತ ಮುಗಿಸುತ್ತಿದ್ದರು. ನಾನು ಕೇಳಿದ್ದು, ‘ಪಿಗ್ಮಿಯವರು ಎಷ್ಟು ಹೊತ್ತಿಗೆ ಬರುತ್ತಿದ್ದರು?’ ಆಗ ಮಾತು ಹರಿಯಿತು. ಬುಟ್ಟಿ ಖಾಲಿಯಾಗುವ ಹೊತ್ತಿಗೇ ಬರುತ್ತಿದ್ದರಂತೆ, ಮೊದಲೇ ಬಂದರೆ ಕೈಯಲ್ಲಿ ಚಿಲ್ಲರೆ ಇರುವುದಿಲ್ಲ ಅಂತ ಅವರಿಗೂ ಗೊತ್ತಿತ್ತಂತೆ. ಮೀನು ಸಿಗದ ಮಳೆಗಾಲದಲ್ಲಿ ಕಟ್ಟಲು ಆಗದಿದ್ದರೂ ಬಂದು ಮಾತಾಡಿಸಿ ಹೋಗುತ್ತಿದ್ದರಂತೆ. ಮಗಳ ಮದುವೆಯ ಕರಿಮಣಿ ಸರ ಆ ದುಡ್ಡಿನಲ್ಲಿ ಆದದ್ದು. ‘ಗಂಡನಿಗೆ ಗೊತ್ತಿರಲಿಲ್ಲ ಮಾರಾಯ್ರೆ, ಗೊತ್ತಿದ್ರೆ ಉಳೀತಿತ್ತಾ?’ ಅಂದರು. ಒಂದು ಯೋಜನೆ ಹೆಂಗಸರ ಕೈಗೆ ಏನು ಕೊಟ್ಟಿತು ಅನ್ನುವುದು ಆ ಒಂದು ಮಾತಿನಲ್ಲಿದೆ.

ಮುಂದೆ ಒಬ್ಬ ನಿವೃತ್ತ ಪಿಗ್ಮಿ ಸಂಗ್ರಾಹಕರನ್ನು ಹುಡುಕಿದೆ. ಅವರು ತಮ್ಮ ದಾರಿಯನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಯಾವ ಅಂಗಡಿ ಮೊದಲು, ಯಾವ ಓಣಿ ಆಮೇಲೆ, ಎಲ್ಲಿ ಚಾ. ಆ ನಕ್ಷೆ ನನ್ನ ಹತ್ತಿರ ಇದೆ. ಈಗ ನಡಿಗೆಯ ಒಂದು ಭಾಗ ಆ ದಾರಿಯಲ್ಲೇ ಹೋಗುತ್ತದೆ.

ಪೈಗಳ ಕೆಲಸ ಇಷ್ಟಕ್ಕೇ ನಿಲ್ಲಲಿಲ್ಲ ಅಂತ ಎಲ್ಲರಿಗೂ ಗೊತ್ತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ (ಎಂ.ಜಿ.ಎಂ.) ಕಾಲೇಜು, 1953ರಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಬೋಳು ಗುಡ್ಡ ಊರಾಯಿತು. ಎಂ.ಜಿ.ಎಂ. ಕಾಲೇಜಿನ ಮೂಲಕ ಕು.ಶಿ. ಹರಿದಾಸ ಭಟ್ಟರು ಯಕ್ಷಗಾನ, ಜನಪದ, ಸಂಶೋಧನೆಗೆ ಒಂದು ಮನೆ ಮಾಡಿಕೊಟ್ಟರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬಿದ್ದುಹೋಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಇವರಿಬ್ಬರ ಬಗ್ಗೆ ಬೇರೆಯೇ ಬರೆಯಬೇಕು.

ಇದೆಲ್ಲ ಈಗ ಬರೆದಿಡಲೇಬೇಕು ಅಂತ ನನಗೆ ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ. 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳು, ಒಂದೇ ದಿನ. ಬೋರ್ಡು ಬದಲಾಯಿತು. ಬೋರ್ಡು ಹೋದ ಮೇಲೆ ಮುಂದಿನ ತಲೆಮಾರಿನ ಮಕ್ಕಳಿಗೆ ಕೇಳಲು ಕಾರಣವೇ ಇರುವುದಿಲ್ಲ. ಹಳೆಯ ಪಾಸ್‌ಬುಕ್ಕು, ಪಿಗ್ಮಿ ಕಾರ್ಡು, ಶಾಖೆ ಉದ್ಘಾಟನೆಯ ಫೋಟೋ ಮನೆಗಳಲ್ಲಿ ಇನ್ನೂ ಇವೆ. ಗೋದ್ರೇಜ್ ಕಪಾಟಿನ ಅಡಿಯ ಖಾನೆಯಲ್ಲಿ, ಜಾತಕಗಳ ಜೊತೆ. ಕೇಳಿದರೆ ತೆಗೆದು ತೋರಿಸುತ್ತಾರೆ. ನಾನು ಯಾವುದನ್ನೂ ಮನೆಗೆ ತರುವುದಿಲ್ಲ. ಅಲ್ಲೇ, ಅವರ ಜಗಲಿಯಲ್ಲೇ ಫೋಟೋ ತೆಗೆದು ಅವರ ಕೈಗೇ ಕೊಟ್ಟುಬಿಡುತ್ತೇನೆ. ನಂಬಿಕೆ ಉಳಿಯುತ್ತದೆ, ಮುಂದಿನ ಮನೆಯ ಬಾಗಿಲೂ ತೆರೆಯುತ್ತದೆ.

ಹಿರಿಯರ ಮಾತು ಕೇಳುವಾಗ ಇಸವಿ ಸಿಗುವುದು ಕಷ್ಟ. ‘ಸುಮಾರು ವರ್ಷ ಆಯ್ತು’ ಅನ್ನುತ್ತಾರೆ. ಉಡುಪಿಯಲ್ಲಿ ಇದಕ್ಕೊಂದು ಒಳ್ಳೆ ಉಪಾಯ ಇದೆ. ಯಾರ ಪರ್ಯಾಯ ಇತ್ತು ಅಂತ ಕೇಳಬೇಕು. ಕೃಷ್ಣನ ಪೂಜೆಯ ಹೊಣೆ ಎಂಟು ಮಠಗಳ ನಡುವೆ ಕೈ ಬದಲಾಗುವುದೇ ಪರ್ಯಾಯ. ಎರಡೆರಡು ವರ್ಷದ ಸರದಿ, ಹಾಗಾಗಿ ಒಂದು ಮಠದ ಸರದಿ ಮತ್ತೆ ಬರುವುದು 16 ವರ್ಷಕ್ಕೆ. ‘ಪೇಜಾವರರ ಪರ್ಯಾಯದ ಟೈಮು’ ಅಂದರೆ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮಿಗಳ ಕಾಲದಲ್ಲಿ ಅದು 1952, 1968, 1984, 2000, 2016 ಇವುಗಳಲ್ಲೊಂದು. ಆಗ ನಿಮಗೆ ಮದುವೆ ಆಗಿತ್ತಾ, ಮಗ ಶಾಲೆಗೆ ಹೋಗುತ್ತಿದ್ದನಾ ಅಂತ ಕೇಳಿದರೆ ವರ್ಷ ಸಿಕ್ಕಿಬಿಡುತ್ತದೆ. ಮಠಕ್ಕೆ ಹೋಗದವರೂ ಪರ್ಯಾಯದ ಲೆಕ್ಕ ಇಟ್ಟಿರುತ್ತಾರೆ, ಯಾಕೆಂದರೆ ಆ ಜನವರಿಯಲ್ಲಿ ಪೇಟೆಯೇ ಬದಲಾಗುತ್ತದೆ. ನಿಮ್ಮ ಊರಿನಲ್ಲೂ ಇಂಥದ್ದೇನೋ ಇದ್ದೇ ಇರುತ್ತದೆ. ಜಾತ್ರೆ, ನೆರೆ, ರಥ ಮುರಿದ ವರ್ಷ, ಕರೆಂಟು ಬಂದ ವರ್ಷ. ಮೊದಲು ಅದರ ಪಟ್ಟಿ ಮಾಡಿಕೊಳ್ಳಿ. ಇನ್ನೊಂದು: ತುಳು ಆಡುವವರ ಹತ್ತಿರ ತುಳುವಿನಲ್ಲಿ, ಕೊಂಕಣಿಯವರ ಹತ್ತಿರ ಕೊಂಕಣಿ ಬರುವ ಒಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ. ಕನ್ನಡದಲ್ಲಿ ಕೇಳಿದರೆ ಸಭೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಾರೆ.

ಪೇಜಾವರರ ಎರಡನೇ ಪರ್ಯಾಯದ ವರ್ಷ, ಅಂದರೆ 1968ರಲ್ಲಿ, ಉಡುಪಿ ಪುರಸಭೆಗೆ ಒಬ್ಬ ಯುವ ವೈದ್ಯರು ಅಧ್ಯಕ್ಷರಾದರು. ಡಾಕ್ಟರ್ ವಿ.ಎಸ್. ಆಚಾರ್ಯ, ಮುಂದೆ ರಾಜ್ಯದ ಮಂತ್ರಿಯಾದವರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರ ಅವಧಿಯಲ್ಲಿ ಪುರಸಭೆ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಇಡೀ ರಾಜ್ಯದಲ್ಲಿ ಇದನ್ನು ನಿಷೇಧಿಸಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದ ಕಾನೂನು 2013ರಲ್ಲಿ. ಒಂದು ಸಣ್ಣ ಪುರಸಭೆ ದೇಶಕ್ಕಿಂತ ಎಷ್ಟು ಮುಂಚೆ ಹೆಜ್ಜೆ ಇಟ್ಟಿತು ನೋಡಿ. ಪಕ್ಷ ಯಾವುದೇ ಇರಲಿ, ಈ ಇಬ್ಬರ ಹೆಸರನ್ನೂ ನಾನು ಒಂದೇ ಉಸಿರಿನಲ್ಲಿ ಹೇಳುತ್ತೇನೆ.

ಆದರೆ ಈ ಕಥೆಯನ್ನು ಅಧ್ಯಕ್ಷರ ಹೆಸರಿಗೆ ನಿಲ್ಲಿಸಿದರೆ ಅರ್ಧ ಹೇಳಿದ ಹಾಗೆ. ಹೊರುತ್ತಿದ್ದವರು ಯಾರು? ಯಾವ ಅಡಿಗಲ್ಲಿನ ಮೇಲೂ ಅವರ ಹೆಸರಿಲ್ಲ. ದಿನಾ ಬೆಳಗ್ಗೆ ಅವರು ಬಾರದಿದ್ದರೆ ಈ ಪೇಟೆಯಲ್ಲಿ ಒಂದು ವಾರ ಬದುಕಲು ಆಗುತ್ತಿರಲಿಲ್ಲ. ಪೌರಕಾರ್ಮಿಕ ಕುಟುಂಬದ ಹಿರಿಯರೊಬ್ಬರು ಮಾತಾಡಲು ಒಪ್ಪಿದರು. ಅವರೊಂದು ಷರತ್ತು ಹಾಕಿದರು: ಹೆಸರು ಬೇಡ, ಫೋಟೋ ಬೇಡ, ಮೊಮ್ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ. ಕೆಲಸದ ವಿವರ ಎಷ್ಟು ಬೇಕಾದರೂ ಬರೆಯಿರಿ. ಹಾಗೇ ಮಾಡಿದೆ. ಬೆಳಕು ಹರಿಯುವ ಮೊದಲೇ ಹೊರಡುವುದು. ಮನೆಯ ಮುಂದಿನ ಬಾಗಿಲಿಗೆ ಹೋಗುವ ಹಾಗಿಲ್ಲ, ಹಿತ್ತಲ ಓಣಿಯಿಂದಲೇ. ನಮ್ಮ ಕರಾವಳಿಯ ಮಳೆಯಲ್ಲಿ ಬಕೆಟಿನೊಳಗೆ ನೀರು ಸೇರಿ ಮೈ ಮೇಲೆ ಇಳಿಯುತ್ತಿತ್ತು. ಕೆಲಸ ನಿಂತ ಮೇಲೆ ಏನಾಯಿತು ಅಂತ ಕೇಳಿದೆ. ‘ಗುಡಿಸುವ ಕೆಲಸ ಕೊಟ್ಟರು. ಮುಂದಿನ ಬೀದಿಯಲ್ಲಿ’ ಅಂದರು. ‘ಮುಂದಿನ ಬೀದಿಯಲ್ಲಿ’ ಅನ್ನುವುದನ್ನು ಒತ್ತಿ ಹೇಳಿದರು.

ನಾನು ಈ ಭಾಗವನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಅಂತ ಕೆಲವು ಶಿಕ್ಷಕರು ಕೇಳುತ್ತಾರೆ. ಹೇಳಲೇಬೇಕು. ಹತ್ತನೇ ತರಗತಿಯ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಊರಿನ ಮರ್ಯಾದೆ ಕಡಿಮೆ ಆಗುವುದಿಲ್ಲ. ನಿಲ್ಲಿಸಿದ ಕೆಲಸದ ತೂಕ ಗೊತ್ತಾಗಬೇಕಾದರೆ ಅದಕ್ಕೂ ಮುಂಚೆ ಏನಿತ್ತು ಅಂತ ಗೊತ್ತಿರಬೇಕು ಅಲ್ವಾ?

ಕೊನೆಗೆ ಫಲಕದ ಬರಹದ ಬಗ್ಗೆ, ಯಾಕೆಂದರೆ ಜಗಳ ಬರುವುದು ಅಲ್ಲೇ. ಕುಟುಂಬದವರು ‘ನಮ್ಮ ಅಜ್ಜನೇ ಮೊದಲು’ ಅನ್ನುತ್ತಾರೆ. ಇನ್ನೊಂದು ಮನೆಯವರು ಅದೇ ಮಾತು ಅನ್ನುತ್ತಾರೆ. ‘ಮೊದಲು’, ‘ಏಕೈಕ’, ‘ಮಹಾನ್’, ಈ ಮೂರು ಪದಗಳನ್ನು ನಾನು ಫಲಕದಲ್ಲಿ ಬಳಸುವುದನ್ನೇ ಬಿಟ್ಟಿದ್ದೇನೆ. ಬರೆಯುವುದು ಇಷ್ಟು: ಇಲ್ಲಿ ಏನಿದೆ, ಯಾವ ವರ್ಷ ಬಂತು, ಅದಕ್ಕೆ ಯಾರು ಏನು ಕೊಟ್ಟರು, ಅದಕ್ಕೂ ಮುಂಚೆ ಜನ ಏನು ಮಾಡುತ್ತಿದ್ದರು. ಅಂಗಡಿಗೆ ಬಂದವರು ನಿಂತು ಓದಿ ಮುಗಿಸುವಷ್ಟು ಸಣ್ಣದಿರಬೇಕು. ಅಕ್ಷರ ದೊಡ್ಡದಿರಬೇಕು, ಕಣ್ಣಿನ ಮಟ್ಟಕ್ಕಿರಬೇಕು, ನಮ್ಮ ಮಳೆಗೆ ಅಳಿಯದ ಬಣ್ಣ ಇರಬೇಕು. ಅಂತಿಮ ಕರಡನ್ನು ಆ ಕುಟುಂಬಕ್ಕೂ ತೋರಿಸುತ್ತೇನೆ, ಅಲ್ಲಿ ಕೆಲಸ ಮಾಡಿದ ಒಬ್ಬರಿಗೂ ತೋರಿಸುತ್ತೇನೆ. ಇಬ್ಬರೂ ಹೌದು ಅಂದ ಮೇಲೆ ಪೇಂಟರ ಹತ್ತಿರ ಹೋಗುತ್ತದೆ. ಇಬ್ಬರ ಮಾತು ಕೂಡದಿದ್ದರೆ ಕಾಗದ ಏನು ಹೇಳುತ್ತದೋ ಅದು ಫಲಕಕ್ಕೆ, ಉಳಿದದ್ದು ನನ್ನ ನೋಟ್‌ಬುಕ್ಕಿಗೆ, ಯಾರು ಹೇಳಿದರು, ಯಾವತ್ತು ಹೇಳಿದರು ಅನ್ನುವುದರ ಸಮೇತ.